ಕೆಲಸ ಬಲ್ಲವರು ಕಲಿಸಲೂ ಕಲಿಯಬೇಕು



ಪ್ರವಾಸಿಗಳು ಈಗ ಪಟ್ಟಣದ ಹೋಟೆಲುಗಳಲ್ಲಿ ಮಾತ್ರ ಇಳಿದುಕೊಳ್ಳುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿಯೂ ಹಂಪೆಯ ಸುತ್ತಣ ಹಳ್ಳಿಗಳಲ್ಲಿಯೂ ಅವರು ತಂಗುತ್ತಾರೆ. ಹಂಪೆಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಸೇರಿದವು. ಇಂಥ ಕಡೆಗಳಲ್ಲಿ ಅಡಿಗೆ ಮಾಡಲು, ಬಡಿಸಲು, ಕೋಣೆ ಶುಚಿಮಾಡಲು ಹಳ್ಳಿಯ ಹುಡುಗ ಹುಡುಗಿಯರು ಸೇರುತ್ತಾರೆ. ನಿಮ್ಮಲ್ಲಿಯೇ ಕೆಲವರು ಮನೆಯಲ್ಲಿ ಅತಿಥಿಗಳನ್ನು ಇಳಿಸಿಕೊಂಡು, ಇಬ್ಬರು ಮೂವರನ್ನು ಕೆಲಸಕ್ಕೆ ಇಟ್ಟುಕೊಂಡಿರಬಹುದು.

ಹೊಸಬನು ಸೇರಿದ ಮೊದಲ ದಿನ ಸಾಮಾನ್ಯವಾಗಿ ಏನಾಗುತ್ತದೆ? "ಅವನ ಹಿಂದೆ ಹೋಗು, ನೋಡಿ ಕಲಿತುಕೋ" ಎಂದು ಹೇಳಿ ಯಜಮಾನರು ಸುಮ್ಮನಾಗುತ್ತಾರೆ. ಹಳಬನು ಬಿರುಸಾಗಿ ತನ್ನ ಕೆಲಸ ಮುಗಿಸುತ್ತಾನೆ. ಹೊಸಬನಿಗೆ ಕಂಡದ್ದು ಸ್ವಲ್ಪ, ತಿಳಿದದ್ದು ಇನ್ನೂ ಸ್ವಲ್ಪ. ಮರುದಿನ ತಪ್ಪಾದರೆ ಬೈಗುಳ. ನಾಲ್ಕು ಸಲ ಬೈಸಿಕೊಂಡ ಹುಡುಗ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬರುತ್ತಾನೆ. "ಹಳ್ಳಿಯವರಿಗೆ ಈ ಕೆಲಸ ಬಾರದು" ಎಂಬ ಮಾತು ಮಾತ್ರ ಅಲ್ಲಿ ಉಳಿಯುತ್ತದೆ. ಕೊರತೆ ಹುಡುಗನಲ್ಲಿ ಇರಲಿಲ್ಲ. ಅವನಿಗೆ ಕ್ರಮವಾಗಿ ಕಲಿಸುವವರು ಇರಲಿಲ್ಲ.

ತಿಳಿದಿರುವುದು ಬೇರೆ, ಕಲಿಸುವುದು ಬೇರೆ

ಕರುವಿನ ಕಣ್ಣಿಗೆ ಗಂಟು ಹಾಕುವುದು ನಿಮಗೆಲ್ಲ ಗೊತ್ತು. ಹಗ್ಗವನ್ನು ಮುಟ್ಟದೆ, ಬರಿಯ ಮಾತಿನಿಂದ ಅದನ್ನು ಒಬ್ಬ ಪಟ್ಟಣದ ಹುಡುಗನಿಗೆ ಕಲಿಸಿ ನೋಡಿ. ಅವನಿಗೆ ಬಾರದು. ಮಾತಾಡದೆ ಒಮ್ಮೆ ಹಾಕಿ ತೋರಿಸಿದರೂ ಬಾರದು. ನಿಧಾನವಾಗಿ ಹಾಕುತ್ತ, "ಕೊರಳಿಗೆ ಜೀರುಗುಣಿಕೆ ಹಾಕಬೇಡ, ಕರು ಎಳೆದರೆ ಉರುಲಾಗುತ್ತದೆ" ಎಂದು ಕಾರಣವನ್ನೂ ಹೇಳಿ, ಹಗ್ಗವನ್ನು ಅವನ ಕೈಗೆ ಕೊಟ್ಟರೆ ಬರುತ್ತದೆ.

ಕಲಿಸುವವರಿಗೆ ಹೇಳಿಕೊಡುವ ಒಂದು ಪ್ರಸಿದ್ಧ ಶಿಕ್ಷಣಕ್ರಮವು ಇಂಥ ಗಂಟಿನಿಂದಲೇ ಆರಂಭವಾಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಕೆಲಸ ಅರಿಯದ ಹೊಸಬರು ಗುಂಪುಗುಂಪಾಗಿ ಬಂದು ಸೇರಿದರು. ಅವರಿಗೆ ಕಲಿಸಬೇಕಾದ ಮೇಸ್ತ್ರಿಗಳಿಗಾಗಿ ಅಲ್ಲಿನ ಸರ್ಕಾರವು 1940ರಿಂದ 1945ರ ವರೆಗೆ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಯೋಜನೆಯನ್ನು ನಡೆಸಿತು. ಅದರ ಕಲಿಸುವ ವಿದ್ಯೆಯ ಪಾಠಕ್ಕೆ ಎರಡೆರಡು ಗಂಟೆಯ ಐದು ತರಗತಿಗಳು, ಒಟ್ಟು 10 ಗಂಟೆ. ಗುಂಪಿನಲ್ಲಿ ಸುಮಾರು ಹತ್ತು ಮಂದಿ. ಮೊದಲು ವಿದ್ಯುತ್ ತಂತಿಗೆ ಹಾಕುವ ಗಂಟೊಂದನ್ನು ಬರಿಯ ಮಾತಿನಲ್ಲಿ ಹೇಳುವರು, ಬಳಿಕ ಮಾತಿಲ್ಲದೆ ತೋರಿಸುವರು, ಕೊನೆಗೆ ಹೇಳಿ, ತೋರಿಸಿ, ಮಾಡಿಸುವರು. ವ್ಯತ್ಯಾಸ ಎಲ್ಲರಿಗೂ ಮನದಟ್ಟಾಗುತ್ತಿತ್ತು. ಆಮೇಲೆ ಪ್ರತಿಯೊಬ್ಬನೂ ತನ್ನದೇ ಕೆಲಸವೊಂದನ್ನು ಎಲ್ಲರೆದುರು ಕಲಿಸಬೇಕು. ಉಳಿದವರು ಗುಣದೋಷ ಹೇಳಬೇಕು. ಯುದ್ಧ ಮುಗಿದ ಮೇಲೆ ಈ ಪದ್ಧತಿ ಜಪಾನಿನಲ್ಲಿಯೂ ಬೇರೂರಿತು.

ಪ್ರವಾಸಿ ಉದ್ಯೋಗದಲ್ಲಿಯೂ ಕಲಿಸುವವರಿಗೆ ಮೊದಲು ಕಲಿಸುವ ದಾರಿಯನ್ನು ಆಗ್ನೇಯ ಏಷ್ಯದ ಆಸಿಯಾನ್ ದೇಶಗಳು ಹಿಡಿದವು. ಈ ವೃತ್ತಿಯವರ ಅರ್ಹತೆಯನ್ನು ಪರಸ್ಪರ ಒಪ್ಪಿಕೊಳ್ಳುವ 2009ರ ಒಪ್ಪಂದಕ್ಕೆ 2012ರ ಹೊತ್ತಿಗೆ ಆಗಿನ ಹತ್ತು ದೇಶಗಳೂ ಸಹಿ ಹಾಕಿದ್ದವು. 32 ಬಗೆಯ ಕೆಲಸಗಳಿಗೆ ಮಟ್ಟವನ್ನು ಗೊತ್ತುಮಾಡಿ, ಮೊದಲು ಪ್ರಧಾನ ತರಬೇತುದಾರರನ್ನು ತಯಾರುಮಾಡಿದರು.

ಮೊದಲು ಕೆಲಸವನ್ನು ಬಿಡಿಸಿ ಬರೆಯಿರಿ

ಕಲಿಸುವವರು ಕೆಲಸವನ್ನು ಹಂತಹಂತವಾಗಿ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಪ್ರತಿ ಹಂತಕ್ಕೂ ಮರೆಯಬಾರದ ಅಂಶ ಯಾವುದು, ಅದಕ್ಕೆ ಕಾರಣವೇನು ಎಂದು ಸೇರಿಸಬೇಕು. ಅತಿಥಿಯ ಬಚ್ಚಲು, ಶೌಚಾಲಯ ಶುಚಿಮಾಡುವ ಕೆಲಸವನ್ನು ನೋಡೋಣ.

1. ಕೈಗವಸು ತೊಟ್ಟು, ಕಿಟಕಿ ಬಾಗಿಲು ತೆರೆಯುವುದು. ಕಾರಣ: ಶುಚಿಮಾಡುವ ದ್ರವಗಳ ಆವಿ ಒಳಗೆ ನಿಲ್ಲಬಾರದು, ಕೈ ಸುಡಬಾರದು.

2. ಶೌಚದ ಬೇಸಿನ್ನಿಗೆ ದ್ರವ ಹಾಕಿ ನೆನೆಯಬಿಡುವುದು. ಮರೆಯಬಾರದ ಅಂಶ: ಆಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪುಡಿಯನ್ನಾಗಲಿ ಬ್ಲೀಚಿಂಗ್ ದ್ರವವನ್ನಾಗಲಿ ಎಂದಿಗೂ ಹಾಕಬಾರದು. ಕಾರಣ: ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ, ಪ್ರಾಣಕ್ಕೂ ಅಪಾಯ. ತಪ್ಪಿ ಬೆರೆತರೆ ಕೂಡಲೇ ಹೊರಗಿನ ಗಾಳಿಗೆ ಬರಬೇಕು. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

3. ಕನ್ನಡಿ, ನಲ್ಲಿ, ಕೈ ತೊಳೆಯುವ ಬೇಸಿನ್ ಒರೆಸುವುದು. ಇದಕ್ಕೆ ಪ್ರತ್ಯೇಕ ಬಣ್ಣದ ಬಟ್ಟೆ ಇರಬೇಕು. ಕಾರಣ: ಶೌಚದ ಬಟ್ಟೆ ಇಲ್ಲಿಗೆ ಬಂದರೆ ರೋಗವೂ ಬರುತ್ತದೆ.

4. ಶೌಚದ ಬೇಸಿನ್ನನ್ನು ಅದರದೇ ಬ್ರಷ್ಷಿನಿಂದ ಉಜ್ಜಿ, ಧಾರಾಳವಾಗಿ ನೀರು ಹಾಕುವುದು.

5. ನೆಲವನ್ನು ಒಳಮೂಲೆಯಿಂದ ಬಾಗಿಲ ಕಡೆಗೆ ಒರೆಸುತ್ತ ಬರುವುದು. ಕಾರಣ: ಒರೆಸಿದ ನೆಲದ ಮೇಲೆ ಹೆಜ್ಜೆ ಬೀಳಬಾರದು, ನೀರು ನಿಂತರೆ ಅತಿಥಿ ಜಾರಿ ಬೀಳುತ್ತಾನೆ.

ಎರಡನೆಯ ಹಂತವನ್ನು ಮತ್ತೆ ಓದಿ. ನೋಡಿ ಕಲಿಯುವವನಿಗೆ ಹಳಬನು ಒಂದೇ ದ್ರವ ಹಾಕಿದ್ದು ಕಾಣುತ್ತದೆ. ಇನ್ನೊಂದನ್ನು ಏಕೆ ಹಾಕಲಿಲ್ಲ ಎಂಬುದು ಕಾಣುವುದಿಲ್ಲ. ಎರಡೂ ಹಾಕಿದರೆ ಇನ್ನೂ ಬೆಳ್ಳಗಾದೀತೆಂದು ಅವನು ತಿಳಿದರೆ ಆಶ್ಚರ್ಯವಿಲ್ಲ. ಬಾಯಿಬಿಟ್ಟು ಹೇಳದ ಒಂದು ಮಾತಿನಿಂದ ಜೀವಕ್ಕೆ ಕುತ್ತು ಬರುತ್ತದೆ.

ಕಲಿಸುವ ನಾಲ್ಕು ಮೆಟ್ಟಿಲುಗಳು

ಮೊದಲನೆಯದು, ಅಣಿಗೊಳಿಸುವುದು. ಹೊಸಬನ ಹೆದರಿಕೆ ಬಿಡಿಸಿ. ಅವನಿಗೆ ಈಗಾಗಲೇ ಏನು ಗೊತ್ತು ಎಂದು ಕೇಳಿ. ಬೇಕಾದ ಸಾಮಾನನ್ನೆಲ್ಲ ಮೊದಲೇ ಜೋಡಿಸಿಡಿ.

ಎರಡನೆಯದು, ಹೇಳಿ ತೋರಿಸುವುದು. ಒಂದು ಸಲಕ್ಕೆ ಒಂದು ಹಂತ. ಮೊದಲು ಹಂತಗಳನ್ನು, ಎರಡನೆಯ ಸಲ ಮುಖ್ಯ ಅಂಶಗಳನ್ನು, ಮೂರನೆಯ ಸಲ ಕಾರಣಗಳನ್ನು ಹೇಳಿ. ಅವನಿಗೆ ಹಿಡಿಸುವುದಕ್ಕಿಂತ ಹೆಚ್ಚು ತುರುಕಬೇಡಿ.

ಮೂರನೆಯದು, ಮಾಡಿಸಿ ನೋಡುವುದು. ಹೊಸಬನೇ ಮಾಡಲಿ. ತಪ್ಪನ್ನು ಅಲ್ಲಿಯೇ ತಿದ್ದಿ. ನಾಲ್ಕು ಜನರ ಮುಂದೆ ಹೀಯಾಳಿಸಬೇಡಿ. ಇನ್ನೊಮ್ಮೆ ಮಾಡುವಾಗ ಕಾರಣವನ್ನು ಅವನ ಬಾಯಿಂದಲೇ ಹೇಳಿಸಿ. "ತಿಳಿಯಿತೇ?" ಎಂದು ಕೇಳಿದರೆ ಎಲ್ಲರೂ "ಹೂಂ" ಎನ್ನುತ್ತಾರೆ. "ಆಸಿಡ್ ಹಾಕಿದ ಮೇಲೆ ಬ್ಲೀಚಿಂಗ್ ಏಕೆ ಹಾಕಬಾರದು?" ಎಂದು ಕೇಳಿ.

ನಾಲ್ಕನೆಯದು, ಬೆನ್ನ ಹಿಂದೆ ನಿಲ್ಲುವುದು. ಅವನಿಗೆ ಕೆಲಸ ಒಪ್ಪಿಸಿ. ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ಹೇಳಿ. ಮೊದಮೊದಲು ಆಗಾಗ ಹೋಗಿ ನೋಡಿ. ಬರಬರುತ್ತ ಕಡಿಮೆ ಮಾಡಿ. ಸಸಿ ನೆಟ್ಟವನು ಬೇರು ಹಿಡಿಯುವ ತನಕ ನೀರು ಬಿಡುವಂತೆ ಇದು.

ಯಾರನ್ನು ಆರಿಸಬೇಕು?

ಎಲ್ಲರಿಗಿಂತ ಚುರುಕಾಗಿ ಕೆಲಸ ಮಾಡುವವನೇ ಒಳ್ಳೆಯ ಉಪಾಧ್ಯಾಯನಾಗುತ್ತಾನೆ ಎಂದಿಲ್ಲ. ಕೆಲಸ ಬಲ್ಲವರಲ್ಲಿ ತಾಳ್ಮೆ ಇರುವವರನ್ನು ಆರಿಸಿ, ಹೆಂಗಸರನ್ನು ಬಿಡಬೇಡಿ. ಕಲಿಸುವ ಹೊತ್ತನ್ನೂ ಕೆಲಸದ ಹೊತ್ತೆಂದೇ ಎಣಿಸಿ ಸಂಬಳ ಕೊಡಿ. ತನ್ನ ಪಾಲಿನ ಹತ್ತು ಕೋಣೆಗಳನ್ನೂ ಮುಗಿಸಿ ಹೊಸಬನಿಗೂ ಕಲಿಸು ಎಂದರೆ ಎರಡೂ ಕೆಡುತ್ತವೆ. ನಿಮ್ಮ ಮಗನೋ ಮಗಳೋ ಇಂಥ ಕೆಲಸಕ್ಕೆ ಹೊರಟಿದ್ದರೆ, ಸಂಬಳ ಎಷ್ಟೆಂದು ಕೇಳುವಾಗ ಕಲಿಸುವವರು ಯಾರೆಂದೂ ಕೇಳಿರಿ.

ನಿಮ್ಮ ಸಂಘದಲ್ಲಿ ಚರ್ಚಿಸಿರಿ

1. ನಮ್ಮ ಊರಿನಿಂದ ಹೋಟೆಲು, ವಸತಿಗೃಹಗಳ ಕೆಲಸಕ್ಕೆ ಹೋಗಿ ಬಿಟ್ಟು ಬಂದವರು ಇದ್ದಾರೆಯೇ? ಅವರಿಗೆ ಅಲ್ಲಿ ಯಾರು, ಹೇಗೆ ಕಲಿಸಿದರು?

2. ಕುಡಿಯುವ ನೀರನ್ನು ಕಾಯಿಸಿ ಇಡುವ ಕೆಲಸವನ್ನು ಹಂತ, ಮುಖ್ಯ ಅಂಶ, ಕಾರಣ ಎಂದು ಬಿಡಿಸಿ ಬರೆಯಿರಿ.

3. ಅದನ್ನು ಒಬ್ಬರು ಇನ್ನೊಬ್ಬರಿಗೆ ಕಲಿಸಿ ತೋರಿಸಲಿ. ಕಲಿತವರಿಗೆ ಬಾರದಿದ್ದರೆ, ನಾಲ್ಕರಲ್ಲಿ ಯಾವ ಮೆಟ್ಟಿಲು ತಪ್ಪಿತು?