ಕೆಲಸಕ್ಕೊಪ್ಪುವ ಉಡುಪು

ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ತಾಲ್ಲೂಕು ಕೇಂದ್ರದ ಯಾವುದಾದರೊಂದು ಬೀದಿಯಲ್ಲಿ ನಿಂತು ನೋಡಿದರೆ, ಯಾರನ್ನೂ ಮಾತನಾಡಿಸದೆಯೇ ಯಾರು ಯಾವ ಕೆಲಸಕ್ಕೆ ಹೊರಟಿದ್ದಾರೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಕರಿಯ ಕೋಟನ್ನು ಮುಂಗೈಮೇಲೆ ಹಾಕಿಕೊಂಡು ನಡೆಯುತ್ತಿರುವವರು ವಕೀಲರು. ಖಾಕಿ ತೊಟ್ಟು ಹೆಗಲಿಗೆ ಚೀಲ ಇಳಿಬಿಟ್ಟವರು ಬಸ್ಸಿನ ನಿರ್ವಾಹಕರು. ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಹೆಗಲಮೇಲೆ ವಲ್ಲಿ ಹಾಕಿದವರು ಹೊಲಕ್ಕೋ ಸಂತೆಗೋ ಹೊರಟವರು. ಉಡುಪು ಹೀಗೆ ಬಾಯಿಲ್ಲದೆ ಮಾತನಾಡುತ್ತದೆ. ಆದರೆ ಅದರ ಮಾತನ್ನು ನಾವು ಎಷ್ಟೋ ವೇಳೆ ತಪ್ಪಾಗಿ ಕೇಳಿಸಿಕೊಳ್ಳುತ್ತೇವೆ. ಈತನ ಕೆಲಸ ಏನೆಂಬುದನ್ನು ಅದು ಹೇಳಿದರೆ, ಈತನ ಬಳಿ ಹಣವೆಷ್ಟಿದೆಯೆಂದು ಹೇಳಿತೆಂಬುದಾಗಿ ತಿಳಿಯುತ್ತೇವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಪದವಿ ಮುಗಿಸಿದ ವರ್ಷ ರಾಯಚೂರಿನ ಒಂದು ಕಚೇರಿಯಿಂದ ಗುಮಾಸ್ತರ ಹುದ್ದೆಗೆ ಸಂದರ್ಶನದ ಕರೆ ಬಂದಿತು. ಕೋಟಿಲ್ಲದೆ ಹೋದರೆ ಒಳಗೇ ಬಿಡುವುದಿಲ್ಲವೆಂದು ನನ್ನ ತಲೆಯಲ್ಲಿ ಯಾರು ತುಂಬಿದರೋ ಕಾಣೆ. ಹೊಸದನ್ನು ಹೊಲಿಸಬೇಕಾದರೆ ಸಾಲ ಮಾಡಬೇಕು; ಅದಕ್ಕೆ ಅಪ್ಪ ಒಪ್ಪಲಿಲ್ಲ. ಸೋದರಮಾವನ ಮದುವೆಯ ಕೋಟನ್ನು ಎರವಲು ತಂದೆ. ಕೋಟು ಉಣ್ಣೆಯದು, ತಿಂಗಳು ಏಪ್ರಿಲ್, ಮಾವನೋ ನನಗಿಂತ ಒಂದೂವರೆ ಪಾಲು ದಪ್ಪ. ನನ್ನ ಸರದಿ ಬರುವ ವೇಳೆಗೆ ಬೆವರಿನಲ್ಲಿ ತೊಯ್ದು ಹೋಗಿದ್ದೆ. ಕೇಳಿದ್ದು ಕಠಿಣ ಪ್ರಶ್ನೆಯೇನಲ್ಲ, ಸರಳಬಡ್ಡಿಯ ಒಂದು ಲೆಕ್ಕ. ಆದರೆ ನನ್ನ ಗಮನವೆಲ್ಲ ಬೆರಳುಗಳನ್ನು ನುಂಗಿದ್ದ ಕೋಟಿನ ತೋಳಿನ ಮೇಲೆಯೇ ಇತ್ತು. ನನ್ನ ಅವಸ್ಥೆಯನ್ನು ಕಂಡ ಹಿರಿಯರೊಬ್ಬರು, “ಸೆಕೆ ಬಹಳ ಇದೆ; ಕೋಟು ತೆಗೆದಿಟ್ಟು ಕುಳಿತುಕೊಳ್ಳಿ” ಎಂದರು. ಹೇಗೆ ತೆಗೆಯಲಿ? ಕೋಟಿನೊಳಗೆ ಕಾಣುವುದಿಲ್ಲವೆಂಬ ಧೈರ್ಯದಿಂದ ಬೆನ್ನು ಹರಿದ ಅಂಗಿಯನ್ನೇ ತೊಟ್ಟು ಹೋಗಿದ್ದೆ! ಮೇಜಿನ ಆಚೆ ಕುಳಿತಿದ್ದ ಮೂವರೂ ಅರ್ಧ ತೋಳಿನ ಹತ್ತಿಯ ಅಂಗಿಗಳನ್ನು ತೊಟ್ಟಿದ್ದರೆಂಬುದು ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಆ ಕೆಲಸ ನನಗೆ ಸಿಗಲಿಲ್ಲ. ಅದಕ್ಕೆ ಕೋಟೊಂದೇ ಕಾರಣವೆಂದು ಹೇಳಲಾರೆ. ಬಡ್ಡಿಯ ಲೆಕ್ಕ ತಪ್ಪಿದ್ದೂ ನಿಜ.

ಹಿಂದಿನ ದಿನ ಆ ಕಚೇರಿಯ ಬಾಗಿಲಲ್ಲಿ ಕಾಲು ಗಂಟೆ ನಿಂತು, ಅಲ್ಲಿ ದುಡಿಯುವವರು ಏನು ತೊಟ್ಟು ಬರುತ್ತಾರೆಂದು ನೋಡಿದ್ದರೆ ಸಾಕಾಗಿತ್ತು. ಅದಕ್ಕೆ ಒಂದು ಪೈಸೆಯೂ ಖರ್ಚಾಗುತ್ತಿರಲಿಲ್ಲ.

ಒಂದೊಂದು ಕೆಲಸದ ಉಡುಪಿಗೂ ಅದರದೇ ಆದ ಕಾರಣವಿರುತ್ತದೆ. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತವನ ಅಂಗಿಯ ತೋಳು ಜೋತುಬಿದ್ದಿದ್ದರೆ, ತಿರುಗುವ ಯಂತ್ರ ಮೊದಲು ಬಟ್ಟೆಯನ್ನು, ಅದರ ಬೆನ್ನಿಗೇ ಕೈಯನ್ನು ಒಳಕ್ಕೆಳೆಯುತ್ತದೆ. ಆದ್ದರಿಂದಲೇ 1948ರ ಕಾರ್ಖಾನೆಗಳ ಕಾಯಿದೆಯು, ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸಿ ಎಣ್ಣೆ ಹಾಕುವ ಕೆಲಸಗಾರನು ಮೈಗೆ ಬಿಗಿಯಾದ ಉಡುಪನ್ನು ತೊಡಬೇಕೆಂದೂ, ಅದನ್ನು ಕಾರ್ಖಾನೆಯವರೇ ಒದಗಿಸಬೇಕೆಂದೂ ವಿಧಿಸಿತು. ಬೆಸುಗೆ ಹಾಕುವವರಿಗೆ ಮತ್ತೊಂದು ಎಚ್ಚರಿಕೆ ಬೇಕು. ಪಾಲಿಯೆಸ್ಟರ್ ಬಟ್ಟೆ ಅಗ್ಗ, ಬೇಗ ಒಣಗುತ್ತದೆ, ಇಸ್ತ್ರಿಯನ್ನೂ ಅಷ್ಟಾಗಿ ಬೇಡುವುದಿಲ್ಲ; ಆದರೆ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ದಪ್ಪ ಹತ್ತಿಯ ಬಟ್ಟೆಗೆ ಆ ದೋಷವಿಲ್ಲ. ಕಚೇರಿಯಲ್ಲಿ ಮಿತವ್ಯಯವೆನಿಸುವ ಬಟ್ಟೆಯೇ ಒಲೆಯ ಮುಂದೆ, ಬೆಸುಗೆಯ ಮುಂದೆ ದುಬಾರಿಯಾಗಬಹುದು.

ವೈದ್ಯರ ಉಡುಪಿನ ಕಥೆ ಇನ್ನೂ ಸ್ವಾರಸ್ಯವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವೈದ್ಯರು ಗಾಂಭೀರ್ಯದ ಗುರುತೆಂದು ಕಪ್ಪು ಕೋಟು ತೊಡುತ್ತಿದ್ದರು. ಗಾಯ ಕೀವುಗೂಡುವುದಕ್ಕೆ ಕ್ರಿಮಿಗಳೇ ಕಾರಣವೆಂಬುದನ್ನು ಆಧರಿಸಿ ಜೋಸೆಫ್ ಲಿಸ್ಟರ್ 1867ರಲ್ಲಿ ತನ್ನ ಚಿಕಿತ್ಸಾಕ್ರಮವನ್ನು ಪ್ರಕಟಿಸಿದ ಮೇಲೆ ಶುಚಿತ್ವಕ್ಕೆ ಪ್ರಾಧಾನ್ಯ ಬಂದಿತು. ಕೊಳೆ ಕೂಡಲೆ ಕಣ್ಣಿಗೆ ಬೀಳುವ ಬಿಳಿಯ ಬಟ್ಟೆ ಕ್ರಮೇಣ ವೈದ್ಯರ ಗುರುತಾಯಿತು. ಆದರೆ ಶಸ್ತ್ರಚಿಕಿತ್ಸೆಯ ಕೊಠಡಿಯ ಪ್ರಖರ ಬೆಳಕಿನಲ್ಲಿ ಆ ಬಿಳುಪೇ ಕಣ್ಣು ಕುಕ್ಕತೊಡಗಿದಾಗ ಹಸಿರು, ನೀಲಿ ಬಟ್ಟೆಗಳು ಬಂದವು. ಬಿಳಿಯ ಕೋಟಿಗೂ ಎಲ್ಲೆಡೆಯಲ್ಲೂ ಮೊದಲಿನ ಮರ್ಯಾದೆ ಉಳಿದಿಲ್ಲ. ಉದ್ದ ತೋಳಿನ ಅಂಚು ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಕ್ರಿಮಿಗಳನ್ನು ಒಯ್ಯಬಹುದೆಂದು, 2007ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ ರೋಗಿಗಳ ಬಳಿ ಮೊಣಕೈಯಿಂದ ಕೆಳಗೆ ಬಟ್ಟೆಯಾಗಲಿ ಕೈಗಡಿಯಾರವಾಗಲಿ ಇರಕೂಡದೆಂದು ಸೂಚಿಸಿತು.

ವಕೀಲರ ಕರಿಯ ಕೋಟು ನಮ್ಮ ಬಿಸಿಲಿಗೆ ಹೊಂದುವಂಥದಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಇದನ್ನು ಕಂಡುಕೊಂಡಿವೆ. ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳನ್ನು ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಗೆಯ ಕಾಲಕ್ಕೆ ಅದು ಕಡ್ಡಾಯವಲ್ಲ.

ವಕೀಲರ ಮಾತು ಬಂದಾಗ ಗಾಂಧೀಜಿಯವರನ್ನು ನೆನೆಯದಿರುವುದು ಹೇಗೆ? ಕಾನೂನು ಓದಲು 1888ರಲ್ಲಿ ಲಂಡನ್ನಿಗೆ ಹೋದ ಹದಿಹರೆಯದ ಮೋಹನದಾಸ, ಅಲ್ಲಿನ ಸಭ್ಯರಂತೆ ಕಾಣಬೇಕೆಂಬ ಹಂಬಲದಿಂದ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಸೂಟನ್ನು ಹೊಲಿಸಿಕೊಂಡರು; ಎತ್ತರದ ಟೋಪಿ ಕೊಂಡರು; ಗಡಿಯಾರಕ್ಕೆ ಚಿನ್ನದ ಸರಪಳಿ ಬೇಕೆಂದು ಅಣ್ಣನಿಗೆ ಬರೆದು ತರಿಸಿಕೊಂಡರು. ಈ ಮೋಹ ಸುಮಾರು ಮೂರು ತಿಂಗಳಿದ್ದು ಇಳಿಯಿತೆಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. 1893ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟನು ಪೇಟ ತೆಗೆಯಲು ಹೇಳಿದಾಗ, ಒಪ್ಪದೆ ಹೊರಗೆ ನಡೆದರು. ಮರುವರ್ಷ ನೆಟಾಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ವಕೀಲರಾಗಿ ಪ್ರಮಾಣ ಸ್ವೀಕರಿಸಿದ ದಿನ ಮುಖ್ಯ ನ್ಯಾಯಾಧೀಶರು ಅದನ್ನೇ ಕೇಳಿದಾಗ ಪೇಟವನ್ನು ತೆಗೆದುಬಿಟ್ಟರು! ಗೆಳೆಯರಿಗೆ ಅಸಮಾಧಾನವಾಯಿತು. ಆದರೆ ವೃತ್ತಿಗೆ ಸೇರಿದ ಮೇಲೆ ಅದರ ಕಟ್ಟಳೆಗೆ ಒಳಪಡಬೇಕೆಂದೂ, ತಮ್ಮ ಬಲವನ್ನು ಹೆಚ್ಚಿನ ಹೋರಾಟಗಳಿಗೆ ಉಳಿಸಿಕೊಳ್ಳಬೇಕೆಂದೂ ಅವರು ತೀರ್ಮಾನಿಸಿದ್ದರು. 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಮೊಣಕಾಲು ಮುಟ್ಟದ ತುಂಡು ಪಂಚೆಯನ್ನು ಉಟ್ಟದ್ದೂ, 1931ರಲ್ಲಿ ಅದೇ ಉಡುಪಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ದೊರೆಯನ್ನು ಕಂಡದ್ದೂ ಅವರೇ. ಬಡವರ ನಡುವಿನ ಕೆಲಸಕ್ಕೆ ಅದು ತಕ್ಕ ಉಡುಪಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಅಚ್ಚುಕಟ್ಟಾದ ಸೂಟು ಮತ್ತು ಮೈಸೂರು ಪೇಟ ಅವರ ಕೆಲಸಕ್ಕೆ ತಕ್ಕುದಾಗಿದ್ದವು. ಇವರಲ್ಲಿ ಯಾರ ಉಡುಪು ಮೇಲೆಂದು ಕೇಳುವುದು ಸಲ್ಲದ ಪ್ರಶ್ನೆ.

ಇನ್ನು ಖರ್ಚಿನ ವಿಚಾರ. ನಮ್ಮ ತಂದೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕಚೇರಿಗೆಂದು ಅವರಿಗಿದ್ದುದು ಎರಡು ಬಿಳಿಯ ಅಂಗಿಗಳು. ಒಂದು ಮೈಮೇಲಿದ್ದರೆ ಇನ್ನೊಂದು ತಂತಿಯ ಮೇಲೆ. ಒಗೆದ ಅಂಗಿಗೆ ಅಮ್ಮ ತೆಳುವಾದ ಅನ್ನದ ಗಂಜಿ ಹಾಕುತ್ತಿದ್ದಳು. ಹಿತ್ತಾಳೆಯ ತಂಬಿಗೆಗೆ ಕೆಂಡ ತುಂಬಿ ಅದರಿಂದಲೇ ಇಸ್ತ್ರಿ ಮಾಡುತ್ತಿದ್ದಳು. ಕಾಲರಿನ ಮಡಿಕೆ ಸವೆದು ನೂಲು ಹೊರಬಂದಾಗ ಅಂಗಿಯನ್ನು ಬಿಸಾಡುತ್ತಿರಲಿಲ್ಲ; ದರ್ಜಿಯು ಕಾಲರನ್ನು ಬಿಚ್ಚಿ, ಮಗುಚಿ, ಸವೆಯದ ಬದಿ ಮೇಲೆ ಬರುವಂತೆ ಹೊಲಿದುಕೊಡುತ್ತಿದ್ದ. ಅಲ್ಲಿಗೆ ಅಂಗಿಗೆ ಮತ್ತೊಂದು ವರ್ಷದ ಆಯುಸ್ಸು. ಅವರ ಬಟ್ಟೆ ಬಡವರದೆಂದು ಕಚೇರಿಯಲ್ಲಿ ಯಾರಿಗಾದರೂ ಅನ್ನಿಸಿರಲಾರದು.

ಅಂಗಡಿಯ ಬೆಲೆಯೇ ಬಟ್ಟೆಯ ನಿಜವಾದ ಬೆಲೆಯಲ್ಲ. ಅದನ್ನು ಎಷ್ಟು ಸಲ ತೊಡುತ್ತೇವೆಂಬುದರ ಮೇಲೆ ಬೆಲೆ ನಿಂತಿದೆ. 500 ರೂಪಾಯಿಯ ಅಂಗಿಯನ್ನು 100 ಸಲ ತೊಟ್ಟರೆ ಒಂದು ಸಲಕ್ಕೆ ಐದು ರೂಪಾಯಿ ಬಿದ್ದಂತಾಯಿತು. 6,000 ರೂಪಾಯಿಯ ಸೂಟನ್ನು ಮೂರು ಸಲ ತೊಟ್ಟು ಪೆಟ್ಟಿಗೆಗೆ ಸೇರಿಸಿದರೆ ಸಲಕ್ಕೆ ಎರಡು ಸಾವಿರ! ಹೊಸದಾಗಿ ಕೆಲಸಕ್ಕೆ ಸೇರುವವರು, ಸೀರೆಯಾಗಲಿ ಸಲ್ವಾರ್ ಆಗಲಿ ಷರಾಯಿಯಾಗಲಿ, ಒಂದಕ್ಕೊಂದು ಹೊಂದುವ ಬಣ್ಣಗಳಲ್ಲಿ ನಾಲ್ಕಾರು ಬಟ್ಟೆ ಇಟ್ಟುಕೊಂಡರೆ ಧಾರಾಳವಾಯಿತು. ಹತ್ತಿಯ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿಯೇ ಹೊಲಿಯಲು ಕೊಡಬೇಕು. ಇಲ್ಲವಾದರೆ ಮೊದಲ ಒಗೆತದಲ್ಲಿಯೇ ಕುಗ್ಗುತ್ತದೆ. ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಒಣಹಾಕಬೇಕು. ಕಿತ್ತುಹೋದ ಗುಂಡಿಯನ್ನು ಹೊಲಿಯಲು ಗಂಡುಮಕ್ಕಳೂ ಕಲಿಯಬೇಕು. ಸೂಜಿ ಹಿಡಿಯುವುದು ಅಕ್ಕತಂಗಿಯರ ಕೆಲಸವೆಂದು ತಿಳಿದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಸಂದರ್ಶನದ ದಿನ ಬೆಳಿಗ್ಗೆ ಅವರ ಗುಂಡಿಯೇ ಕಿತ್ತುಹೋಗಿರುತ್ತದೆ.

ಹೊಲದಲ್ಲಿ ದುಡಿಯುವವರ ಬಟ್ಟೆಯೂ ಕೆಲಸದ ಬಟ್ಟೆಯೇ. ಅದಕ್ಕೆ ಮೆತ್ತಿದ ಮಣ್ಣು ಕೊಳಕುತನದ ಗುರುತಲ್ಲ. ಇದನ್ನು ಮರೆತ ಎರಡು ಘಟನೆಗಳು 2024ರಲ್ಲಿ ಬೆಂಗಳೂರಿನಲ್ಲಿಯೇ ನಡೆದವು. ಜುಲೈ ತಿಂಗಳಲ್ಲಿ ಮಗನೊಡನೆ ಚಲನಚಿತ್ರ ನೋಡಲು ಬಂದಿದ್ದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಒಂದು ಮಾಲಿನ ಬಾಗಿಲಲ್ಲಿ ತಡೆದರು. ಜನರು ಪ್ರತಿಭಟಿಸಿದ ಮೇಲೆ ಆ ಮಾಲು ಕೆಲವು ದಿನ ಬಾಗಿಲು ಮುಚ್ಚಬೇಕಾಯಿತು. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತಿದ್ದ ರೈತರೊಬ್ಬರನ್ನು, ಕೈಯಲ್ಲಿ ಟಿಕೆಟ್ಟಿದ್ದರೂ, ಬಟ್ಟೆ ಶುಭ್ರವಾಗಿಲ್ಲವೆಂದು ಒಳಗೆ ಬಿಡಲಿಲ್ಲ. ಇದನ್ನು ಕಂಡ ಸಹಪ್ರಯಾಣಿಕರು ಹಾಗೆಂದು ಯಾವ ನಿಯಮದಲ್ಲಿ ಬರೆದಿದೆಯೆಂದು ಸಿಬ್ಬಂದಿಯನ್ನು ಗಟ್ಟಿಯಾಗಿ ಕೇಳಿದರು. ಅಂಥ ನಿಯಮವಿರಲಿಲ್ಲ. ಮೆಟ್ರೊ ನಿಗಮ ಮುಂದೆ ವಿಷಾದ ಸೂಚಿಸಿ, ಹೊಣೆಯಾದ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆಯಿತು. ಅಂದು ಆ ರೈತರು ಅದೇ ಬಟ್ಟೆಯಲ್ಲಿ ರೈಲು ಹತ್ತಿದರು.