ಮೊದಲು ಸೋರಿಕೆ, ಆಮೇಲೆ ಗ್ಯಾಸ್

ಹಳೆ ಕಾರಿನ ಎಸಿ ತಂಪು ಕೊಡದಿದ್ದರೆ ಸಿಗುವ ಮೊದಲ ಸಲಹೆ, "ಗ್ಯಾಸ್ ಖಾಲಿ ಆಗೈತೆ ಸಾರ್, ತುಂಬಿಸಿಬಿಡಣ." ಪೆಟ್ರೋಲಿನ ಹಾಗೆ ಉರಿದು ಮುಗಿಯೋದಕ್ಕೆ ಅದೇನು ಇಂಧನವೇ? ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ನಮ್ಮ ಮನೆಯ ಕಾಂಟೆಸ್ಸಾ ಕ್ಲಾಸಿಕ್‌ನ ಎಸಿ ರಿಪೇರಿಗೆ ಬೆಂಗಳೂರಿನಲ್ಲಿ ಕೈಹಾಕಿದಾಗ, ಸೋರಿಕೆ ಸಿಗುವವರೆಗೆ ಗ್ಯಾಸ್ ಬೇಡ ಎಂದು ಪಟ್ಟು ಹಿಡಿದೆ.

ನೈಟ್ರೋಜನ್ ತುಂಬಿಸಿ ಸೋಪುನೀರು ಸವರಿದರೆ ಕಂಪ್ರೆಸರ್ ಹತ್ತಿರದ ಹೋಸ್ ಜಾಯಿಂಟಿನಲ್ಲಿ ನೊರೆ ಎದ್ದಿತು. ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲನ್ನೂ ಬಿಚ್ಚಿಸಿದೆ. ತಳದಲ್ಲಿ ಎಣ್ಣೆಜಿಡ್ಡು, ಅದಕ್ಕಂಟಿದ ಧೂಳು, ಎಲೆಚೂರು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ, ಜಿಡ್ಡು ಕಂಡ ಕಡೆ ತೂತು ಹುಡುಕಬೇಕು.

ಆ ಕಾರಿನ ಕಾಲದ ಎಸಿಗಳಲ್ಲಿ ಇದ್ದ ಗ್ಯಾಸ್ ಆರ್-12. ಓಜೋನ್ ಪದರಕ್ಕೆ ಮಾರಕವೆಂದು 1987ರ ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಕೈಬಿಡಲಾಯಿತು. ಬದಲಿಗೆ ಹಾಕುವ ಆರ್-134ಎ ಸುಲಭವಾಗಿ ಸಿಗುತ್ತದೆ, ಆದರೆ ಹಳೆಯ ಮಿನರಲ್ ಎಣ್ಣೆ ಅದರೊಂದಿಗೆ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಪೈಪುಗಳಲ್ಲೇ ಉಳಿದು ಕಂಪ್ರೆಸರ್ ಒಣಗಿ ಸೀಜ್ ಆಗುತ್ತದೆ. ಹಾಗಾಗಿ ಪೂರ್ತಿ ಫ್ಲಶ್ ಮಾಡಿಸಿ ಎಸ್ಟರ್ ಎಣ್ಣೆ ಹಾಕಿಸಿದೆ. ಹೋಸ್, ಓ-ರಿಂಗ್, ಡ್ರೈಯರ್ ಎಲ್ಲ ಹೊಸದು. ಇವುಗಳಲ್ಲಿ ಉಳಿತಾಯ ನೋಡುವುದು ಶುದ್ಧ ದಡ್ಡತನ.

ಗ್ಯಾಸ್ ತುಂಬುವ ಮುನ್ನ ವ್ಯಾಕ್ಯೂಮ್ ಹಾಕಲೇಬೇಕು. ಒಳಗಿನ ತೇವ ಆವಿಯಾಗಿ ಹೋಗದಿದ್ದರೆ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ನಮ್ಮ ಕಾರಿಗೆ ಹಾಕಿದಾಗ ಗೇಜಿನ ಮುಳ್ಳು (ಪಾದರಸದ) 26 ಇಂಚು ದಾಟಿ ನಿಂತುಬಿಟ್ಟಿತು. ಕೈಪಿಡಿಯಲ್ಲಿ 29 ಅಂತಿದೆಯಲ್ಲ ಎಂದು ಮೆಕ್ಯಾನಿಕ್ ಪಂಪನ್ನೇ ಅನುಮಾನಿಸಿದ. ಪಂಪು ಸರಿಯಾಗೇ ಇತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ 27 ಇಂಚಿನ ಆಸುಪಾಸು, ಅದಕ್ಕಿಂತ ಹೆಚ್ಚು ಎಳೆಯಲು ಸಾಧ್ಯವಿಲ್ಲ. ಮಂಗಳೂರಿನಲ್ಲಾದರೆ 29 ಮುಟ್ಟುತ್ತಿತ್ತು. ಮುಳ್ಳು ಎಷ್ಟಕ್ಕೆ ಹೋಯಿತು ಅನ್ನುವುದಕ್ಕಿಂತ, ಪಂಪು ನಿಲ್ಲಿಸಿದ ಮೇಲೂ ಅಲ್ಲೇ ನಿಂತಿದೆಯೇ ಅಂತ ನೋಡಿ.

ಆರ್-134ಎ ಯನ್ನು ಹಳೆಯ ಆರ್-12 ತೂಕದ ಶೇ. 80-85ರಷ್ಟು, ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು. ಜಾಸ್ತಿಯಾದರೆ ಒತ್ತಡ ಏರಿ ತಂಪು ಇನ್ನೂ ಇಳಿಯುತ್ತದೆ. ಈ ಗ್ಯಾಸಿನ ಒತ್ತಡ ಬಿಸಿಲಿನಲ್ಲಿ ಆರ್-12ಕ್ಕಿಂತ ಹೆಚ್ಚು. ಹಳೆಯ ಕೊಳವೆ ಮಾದರಿ ಕಂಡೆನ್ಸರ್ ಅಷ್ಟು ಶಾಖ ಹೊರಹಾಕಲು ಏದುಸಿರು ಬಿಡುತ್ತದೆ. ಕಾರು ಓಡುವಾಗ ಸರಿ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಬಿಸಿಗಾಳಿ. ಪ್ಯಾರಲಲ್ ಫ್ಲೋ ಕಂಡೆನ್ಸರ್, ಅದರ ಮುಂದೊಂದು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದ ಮೇಲೆ ಟ್ರಾಫಿಕ್ಕಿನಲ್ಲೂ ಕಿಟಕಿ ಇಳಿಸುವ ಪ್ರಸಂಗ ಬರಲಿಲ್ಲ. ಡ್ಯಾಶ್‌ಬೋರ್ಡಿನ ನಾಬ್, ಲೂವರ್ ಮಾತ್ರ ಕಂಪನಿಯದ್ದೇ ಉಳಿಸಿಕೊಂಡೆ. ಕಣ್ಣಿಗೆ ಬೀಳುವುದು ಅವೇ ತಾನೇ.

ದುಡ್ಡು ಬಿಗಿಯಿದ್ದರೆ, ಶಬ್ದ ಮಾಡದ ಹಳೆ ಕಂಪ್ರೆಸರ್ ಉಳಿಸಿಕೊಂಡು ಕಂಡೆನ್ಸರಿಗೆ ಖರ್ಚು ಮಾಡಿ. ಅಗ್ಗಕ್ಕೆ ಸಿಗುತ್ತದೆಂದು ಬೆಂಕಿ ಹತ್ತುವ ಹೈಡ್ರೋಕಾರ್ಬನ್ ಮಿಶ್ರಣ ತುಂಬಿಸಬೇಡಿ. ಒಳಗೆ ಇನ್ನೂ ಆರ್-12 ಉಳಿದಿದ್ದರೆ ಅದನ್ನು ಗಾಳಿಗೆ ಬಿಡಲು ಒಪ್ಪಬೇಡಿ, ರಿಕವರಿ ಯಂತ್ರ ಇರುವ ವರ್ಕ್‌ಶಾಪಿಗೇ ಕಾರು ಒಯ್ಯಿರಿ.