ಯಾರ ಹತ್ತಿರ ಹೇಳಿಕೊಳ್ಳಲಿ?

ಮನಸ್ಸು ಕುಗ್ಗಿದಾಗ ಯಾರ ಹತ್ತಿರ ಹೇಳಿಕೊಳ್ಳಬೇಕು ಅನ್ನುವುದನ್ನು ಮನಸ್ಸು ಸರಿಯಿರುವಾಗಲೇ ಗೊತ್ತುಮಾಡಿ ಇಟ್ಟುಕೋ, ಮಗಾ. ಕುಗ್ಗಿದ ಮೇಲೆ ಅದು ಆಗದ ಮಾತು. ಆಗ ಫೋನಿನಲ್ಲಿರುವ ಯಾವ ಹೆಸರು ನೋಡಿದರೂ ‘ಇವನಿಗ್ಯಾಕೆ ತೊಂದರೆ ಕೊಡಲಿ’, ‘ಅವಳೇನು ಅಂದುಕೊಳ್ಳುತ್ತಾಳೋ’, ‘ಅಣ್ಣನಿಗೆ ಅವನ ತಾಪತ್ರಯವೇ ಹಾಸಿ ಹೊದೆಯುವಷ್ಟಿದೆ’ ಅಂತಲೇ ಅನಿಸುತ್ತದೆ. ನಾನು ಯಾರಿಗೂ ಬೇಡವಾದವನು ಅಂತ ಅನಿಸುವುದು ಕುಗ್ಗಿದ ಮನಸ್ಸಿನ ಲಕ್ಷಣ ಕಣೋ. ಜ್ವರ ಬಂದಾಗ ಬಾಯಿ ಕಹಿಯಾದರೆ ಅನ್ನವೇ ಕಹಿ ಅನ್ನುತ್ತೀವಾ? ಇದೂ ಹಾಗೆಯೇ. ಆ ಹೊತ್ತಿನಲ್ಲಿ ಮನಸ್ಸು ಹೇಳಿದ್ದನ್ನು ಪೂರಾ ನಂಬಬೇಡ.

ನಿಮ್ಮಮ್ಮ ದಿನಾ ರಾತ್ರಿ ಪಿಜಿಗೆ ಫೋನ್ ಮಾಡಿ ಕೇಳುವುದು ಒಂದೇ: “ಊಟ ಆಯ್ತೇನೋ?” ನೀನು “ಹೂಂ, ಆಯ್ತಮ್ಮ” ಅನ್ನುತ್ತೀಯ. “ಏನು ಸಾರು?” “ಬೇಳೆ ಸಾರು.” “ಸರಿ, ಮಲಕ್ಕೋ.” ಮಾತು ಮುಗಿಯಿತು. ನಮ್ಮ ಕಡೆಯ ತಾಯಂದಿರಿಗೆ ‘ಮನಸ್ಸು ಹೇಗಿದೆ’ ಅಂತ ಕೇಳಿ ಅಭ್ಯಾಸವಿಲ್ಲ. ಅಕ್ಕರೆಯನ್ನೆಲ್ಲ ಸಾರಿನ ಮೇಲೆ ಹಾಕಿಯೇ ವಿಚಾರಿಸುತ್ತಾರೆ. ಒಂದು ದಿನ, “ಆಯ್ತಮ್ಮ, ಆದ್ರೆ ಏನೂ ಸೇರ್ತಾ ಇಲ್ಲ. ಒಂದು ವಾರದಿಂದ ನಿದ್ದೇನೂ ಸರಿಯಾಗಿಲ್ಲ” ಅಂದು ನೋಡು. ಅವಳು ಗಾಬರಿಯಾಗಬಹುದು. ಆದರೆ “ಚೆನ್ನಾಗಿದೀನಿ” ಅನ್ನುವಾಗ ನಿನ್ನ ಗಂಟಲಿನಲ್ಲಿ ಆದ ಬದಲಾವಣೆ ಅವಳಿಗೆ ಎಂದೋ ಗೊತ್ತಾಗಿರುತ್ತದೆ. ಏನೂ ಗೊತ್ತಾಗದೆ ಹೆದರುವುದಕ್ಕಿಂತ ಗೊತ್ತಾಗಿ ಹೆದರುವುದು ಅವಳಿಗೂ ವಾಸಿ.

ನಿನಗೆ ಗೊತ್ತಲ್ಲ, ನಿನ್ನ ಈ ಅತ್ತೆ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಾಗಿ ಆಯಸ್ಸು ಸವೆಸಿದವಳು. ‘ಮನಸ್ಸಿಗೆ ಹುಷಾರಿಲ್ಲ’ ಅಂತ ಚೀಟಿ ಮಾಡಿಸಿಕೊಂಡು ಬಂದವರನ್ನು ನಾನು ನೋಡಿದ್ದು ಕಡಿಮೆ. ಮೈಕೈ ನೋವು, ಎದೆ ಡವಡವ, ಹೊಟ್ಟೆ ಉರಿ, ತಲೆಸುತ್ತು ಅಂತಲೇ ಬರುತ್ತಿದ್ದರು. ಬಿಪಿ ಪಟ್ಟಿ ಸುತ್ತುತ್ತಾ “ರಾತ್ರಿ ನಿದ್ದೆ ಬರುತ್ತಾ?” ಅಂತ ಒಂದು ಮಾತು ಕೇಳಿದರೆ ಸಾಕು, ಹೆಂಗಸರ ಕಣ್ಣು ತುಂಬಿಬಿಡುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡು “ಏನಿಲ್ಲ ಸಿಸ್ಟರ್” ಅನ್ನುವವರು. ಪಟ್ಟಿ ಬಿಚ್ಚುವಷ್ಟರಲ್ಲಿ ಎಲ್ಲ ಹೇಳಿಬಿಡುತ್ತಿದ್ದರು. ಗಂಡಸರ ರೀತಿಯೇ ಬೇರೆ. ಹೆಂಡತಿಯನ್ನು ತೋರಿಸಲು ಬರುವರು, ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸುವರು, ಚಪ್ಪಲಿ ಹುಡುಕುವ ನೆಪದಲ್ಲಿ ವಾಪಸ್ ಬಂದು ತಲೆ ತಗ್ಗಿಸಿ “ಮೇಡಂ, ನಂಗೂ ಸ್ವಲ್ಪ ಕೇಳ್ಬೇಕಿತ್ತು” ಅನ್ನುವರು. ಆ ಒಂದು ಮಾತಿಗೆ ಅವರು ಎಷ್ಟು ದಿನ ಕಾದಿದ್ದರೋ. ನೀನು ಹಾಗೆ ಕಾಯಬೇಡ.

ಯಾರಿಗೆ ಹೇಳಬೇಕು? ಎಲ್ಲ ಭಾರವನ್ನೂ ಹೊರುವ ಒಬ್ಬರನ್ನೇ ಹುಡುಕಬೇಡ. ಅಂಥವರು ಸಿಗುವುದು ಅಪರೂಪ, ಸಿಕ್ಕರೂ ಅವರು ಬಸವಳಿಯುತ್ತಾರೆ. ಸುಮ್ಮನೆ ಕೇಳಿಸಿಕೊಳ್ಳುವವರು ಒಬ್ಬರು. ಪಕ್ಕದಲ್ಲೇ ಇದ್ದು “ಏಳು, ಟೀ ಕುಡಿದು ಬರೋಣ” ಅಂತ ಎಬ್ಬಿಸಿಕೊಂಡು ಹೋಗುವವರು ಒಬ್ಬರು. ನಿನ್ನ ರೂಮಿನ ಆ ಕಲಬುರಗಿ ಹುಡುಗ ಇದಕ್ಕೆ ಸರಿ ಅಂತ ನನಗನಿಸಿದೆ, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಇನ್ನು ಬದುಕಿನಲ್ಲಿ ನಾಲ್ಕು ಪೆಟ್ಟು ತಿಂದು ಎದ್ದ ಹಿರಿಯರು ಒಬ್ಬರು. ಹೇಳಿದ್ದನ್ನು ಸಂಜೆಯೊಳಗೆ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಮುಟ್ಟಿಸುವವರು ಎಷ್ಟೇ ಹತ್ತಿರದವರಾದರೂ ಈ ಪಟ್ಟಿಯಲ್ಲಿ ಬೇಡ. ಗೊತ್ತಾಗದಿದ್ದರೆ ಮೊದಲು ಚಿಕ್ಕ ವಿಷಯವೊಂದನ್ನು ಹೇಳಿ ನೋಡು, ಅದು ಅವರ ಹತ್ತಿರವೇ ಉಳಿಯುತ್ತದೋ ಇಲ್ಲವೋ ತಿಳಿಯುತ್ತದೆ.

ಹೇಳುವಾಗ ನಿನಗೇನು ಬೇಕು ಅನ್ನುವುದನ್ನೂ ಸೇರಿಸಿ ಹೇಳು. ಇದು ನಾನು ಹೇಳಬೇಕೆಂದಿರುವ ಮುಖ್ಯ ಮಾತು. ನಮ್ಮ ಜನಕ್ಕೆ ಕಷ್ಟ ಕೇಳಿದ ಕೂಡಲೇ ಏನಾದರೂ ಪರಿಹಾರ ಕೊಡಲೇಬೇಕು ಅನಿಸುತ್ತದೆ. “ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ”, “ಮದುವೆ ಮಾಡ್ಕೋ, ಎಲ್ಲ ಸರಿಹೋಗುತ್ತೆ”, “ಬೇರೆ ಕಂಪನಿ ನೋಡು”. ಕೆಟ್ಟ ಮನಸ್ಸಿನಿಂದ ಹೇಳುವುದಲ್ಲ, ಇನ್ನೇನು ಹೇಳಬೇಕೋ ತೋಚುವುದಿಲ್ಲ. ಅದಕ್ಕೇ ಮೊದಲೇ, “ಪರಿಹಾರ ಬೇಡ ಕಣೋ, ಹತ್ತು ನಿಮಿಷ ಕೇಳಿಸ್ಕೋ ಸಾಕು” ಅನ್ನು. “ಭಾನುವಾರ ಒಬ್ಬನೇ ಇರೋಕಾಗ್ತಿಲ್ಲ, ನಿಮ್ಮನೆಗೆ ಊಟಕ್ಕೆ ಬರ್ಲಾ?” ಅನ್ನು. “ಡಾಕ್ಟರ ಹತ್ತಿರ ಜೊತೆಗೆ ಬರ್ತೀಯಾ?” ಅನ್ನು. ಇಂಥದ್ದು ಬೇಕು ಅಂತ ಬಿಡಿಸಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಮೊದಲನೆಯವರು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ, ಅವರಿಗೆ ಆವತ್ತು ಆಗಲಿಲ್ಲ ಅಂತ ತಿಳಿದು ಎರಡನೆಯವರಿಗೆ ಹೇಳು.

ದೇವಸ್ಥಾನಕ್ಕೆ ಹೋಗು ಅಂದರೆ ಹೋಗು. ಪ್ರದಕ್ಷಿಣೆ ಹಾಕಿ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತರೆ ನನಗೂ ಹಗುರವಾಗುತ್ತದೆ. ಆದರೆ ಹರಕೆ ಹೊತ್ತೆ ಅಂತ ಡಾಕ್ಟರ ಹತ್ತಿರ ಹೋಗುವುದನ್ನು ತಪ್ಪಿಸಬೇಡ. ಶನಿವಾರ ರಾತ್ರಿ ಗೆಳೆಯರ ಜೊತೆ ಕುಡಿದರೆ ಮರೆಯುತ್ತದೆ ಅನ್ನುವುದು ಮಾತ್ರ ಬೇಡವೇ ಬೇಡ. ಕುಡಿತ ನಿದ್ದೆಯನ್ನೂ ಕೆಡಿಸುತ್ತದೆ, ಮನಸ್ಸನ್ನು ಇನ್ನೂ ಕೆಳಕ್ಕೆ ಎಳೆಯುತ್ತದೆ.

ಎರಡು ವಾರ ಕಳೆದರೂ ದಿನದ ಬಹುಹೊತ್ತು ಅದೇ ಬೇಸರ, ಮೊದಲು ಖುಷಿ ಕೊಡುತ್ತಿದ್ದುದೂ ಬೇಡ ಅನಿಸುವುದು, ನಿದ್ದೆ ಹಸಿವು ತಪ್ಪುವುದು, ಕೆಲಸದಲ್ಲಿ ಗಮನ ನಿಲ್ಲದಿರುವುದು, ಇಷ್ಟಿದ್ದರೆ ವೈದ್ಯರನ್ನು ನೋಡು. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಯಿಂದಲೂ ಹೀಗಾಗುವುದುಂಟು, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಖಿನ್ನತೆ ಅಂತಾದರೆ ಆಪ್ತಸಮಾಲೋಚನೆ ಇದೆ, ಮಾತ್ರೆ ಇದೆ. ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ನಾಲ್ಕು ದಿನ ನುಂಗಿ “ಏನೂ ಆಗ್ಲಿಲ್ಲ” ಅಂತ ಬಿಟ್ಟವರನ್ನೂ, ಗುಣವಾದ ಕೂಡಲೇ ತಾವೇ ನಿಲ್ಲಿಸಿ ಮತ್ತೆ ಬಿದ್ದವರನ್ನೂ ನೋಡಿದ್ದೇನೆ. ನಿಲ್ಲಿಸುವುದಿದ್ದರೂ ವೈದ್ಯರನ್ನು ಕೇಳಿಯೇ, ನಿಧಾನವಾಗಿ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಖಿನ್ನತೆ ಇದ್ದವರಲ್ಲಿ ಶೇ 85ರಷ್ಟು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ ಎಂದು ಅದರಲ್ಲಿ ಕಂಡುಬಂತು. ಆ ಅಂಕಿ ಓದಿದಾಗ ನನಗೆ ನೆನಪಾದದ್ದು ಚಪ್ಪಲಿ ಹುಡುಕುವ ನೆಪದವರು. ಚಿಕಿತ್ಸೆ ಇಲ್ಲ ಅಂತಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಈ ಚಿಕಿತ್ಸೆ ಸಾಧ್ಯ ಅಂತ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ವ್ಯವಸ್ಥೆಯಾಯಿತು.

ಆಫೀಸಿಗೆ ಗೊತ್ತಾದರೆ ಅಂತ ಅಂಜಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿನ್ನ ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕು ಕೊಟ್ಟಿದೆ. ಮೈಯ ಕಾಯಿಲೆಗೆ ಸಿಗುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಸಿಗಬೇಕು ಅಂತಲೂ ಅದರಲ್ಲಿದೆ.

ಇನ್ನೊಂದು ಮಾತು, ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ‘ನಾನಿಲ್ಲದಿದ್ದರೇ ಒಳ್ಳೆಯದು’ ಅನ್ನುವ ಯೋಚನೆ ಒಂದು ಸಲ ಬಂದರೂ ಆವತ್ತು ರಾತ್ರಿ ಒಬ್ಬನೇ ಇರಬೇಡ. ರೂಮಿನ ಹುಡುಗನನ್ನು ಎಬ್ಬಿಸು, ಅದೇ ಮಾತನ್ನು ಅವನಿಗೆ ಹೇಳು. 14416ಕ್ಕೆ ಫೋನ್ ಮಾಡು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಟೆಲಿ ಮಾನಸ್ ಅದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣ ಹೋಗುವಂಥ ಯೋಚನೆ ಇರಲೇಬೇಕು ಅಂತಲೂ ಇಲ್ಲ, ಬರೀ ಬೇಸರಕ್ಕೂ ಮಾಡಬಹುದು. ಕೈಮೀರುತ್ತಿದೆ ಅನಿಸಿದರೆ 108ಕ್ಕೆ ಮಾಡು, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿಬಿಡು. ನಿನ್ನ ಗೆಳೆಯರಲ್ಲಿ ಯಾರಾದರೂ ಹೀಗಿದ್ದಾರೆ ಅನಿಸಿದರೆ “ಸಾಯೋ ಯೋಚನೆ ಬರ್ತಿದೆಯಾ?” ಅಂತ ನೇರವಾಗಿ ಕೇಳು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಕೇಳುವವರೊಬ್ಬರು ಸಿಕ್ಕರು ಅಂತ ಜೀವ ಹಗುರವಾಗುತ್ತದೆ.

14416 ನಂಬರನ್ನು ಈಗಲೇ ಫೋನಿನಲ್ಲಿ ಹಾಕಿಕೋ. ನನ್ನದು ಇದ್ದೇ ಇದೆ. ಹೊತ್ತು ಗೊತ್ತು ನೋಡಬೇಡ, ನೈಟ್ ಡ್ಯೂಟಿ ಮಾಡಿದ ಮೈ ಇದು, ರಾತ್ರಿ ಎರಡಕ್ಕೆ ಫೋನ್ ಬಂದರೂ ಏಳುತ್ತೇನೆ. ಮಾತು ಬರದಿದ್ದರೆ ಫೋನ್ ಹಿಡಿದುಕೊಂಡು ಸುಮ್ಮನಿರು, ನಾನೂ ಇಡುವುದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬಾ ಅನಿಸಿದರೆ ಅಷ್ಟು ಹೇಳು, ಹೊರಟು ಬರುತ್ತೇನೆ.